ಹಿಂದೆ ಕೂರುವವರ ಟೈರು

ಬೆಳಗಿನಿಂದ ನನ್ನ ಬಲ ಅಂಗೈಯಲ್ಲಿ ಹೊಸ ರಬ್ಬರಿನ ವಾಸನೆ. ಶಾಲೆಯ ನಲ್ಲಿಯ ಕೆಳಗೆ ಸೋಪು ಹಾಕಿ ಎರಡು ಸಲ ತೊಳೆದೆ, ಹೋಗಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿದರೆ ಚಟ್ನಿಪುಡಿಯ ಘಾಟಿನ ನಡುವೆ ಅದೂ ಮೂಗಿಗೆ ಬಂತು. ಪಕ್ಕದಲ್ಲಿ ಕೂತಿದ್ದ ಸಮಾಜ ವಿಜ್ಞಾನದ ಮೇಷ್ಟ್ರು, “ಏನ್ ಸಾರ್, ಪಂಕ್ಚರ್ ಅಂಗಡಿ ಇಟ್ಕಂಡ್ರಾ?” ಅಂದರು. ನಾನು ನಕ್ಕೆ. ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆದರೆ ಅಂಗೈಗೆ ಈ ವಾಸನೆ ಹೇಗೆ ಬಂತು ಅನ್ನುವುದನ್ನು ಮಾತ್ರ ಕೊನೆಗೇ ಹೇಳುವುದು. ಮೇಷ್ಟ್ರ ಬುದ್ಧಿ ಇದು. ಉತ್ತರವನ್ನು ಮೊದಲೇ ಬೋರ್ಡಿನ ಮೇಲೆ ಬರೆದರೆ ಯಾರೂ ಪಾಠ ಕೇಳುವುದಿಲ್ಲ ಎಂಬ ಭಯ.

ನಾನು ಜಗಳೂರು ಸೀಮೆಯವನು, ಬಿಳಿಚೋಡಿನವನು. ಕೆಲಸ ಸವಳಂಗದ ಹೈಸ್ಕೂಲಿನಲ್ಲಿ, ಮನೆ ಹೊನ್ನಾಳಿಯಲ್ಲಿ. ನನ್ನ ಹೆಂಡತಿ ಸುಮಂಗಲಾ ಚನ್ನಗಿರಿ ಕಡೆಯವಳು, ನ್ಯಾಮತಿಯ ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಿಗ್ಗೆ ಹೊನ್ನಾಳಿಯಿಂದ ಮೋಟರ್ ಬೈಕಿನಲ್ಲಿ ಇಬ್ಬರೂ ಹೊರಡುವುದು, ನ್ಯಾಮತಿಯಲ್ಲಿ ಆಕೆಯನ್ನು ಇಳಿಸಿ ನಾನು ಮುಂದೆ ಸವಳಂಗಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಆಕೆಯನ್ನು ಹತ್ತಿಸಿಕೊಂಡು ವಾಪಸ್ಸು ಬರುವುದು. ಹೀಗೆ ಹದಿನೈದು ವರ್ಷದ ಮೇಲಾಯಿತು.

ನಮ್ಮ ಸಂಸಾರದ ಮುಕ್ಕಾಲು ಮಾತು ನಡೆದದ್ದು ಆ ಗಾಡಿಯ ಮೇಲೆಯೇ. ಮನೆಯಲ್ಲಿ ಎಲ್ಲಿ ಪುರುಸೊತ್ತು? ಗಾಡಿ ಹತ್ತಿದ ಮೇಲೆ ಆಕೆಯದು ಶುರು. ವಾರ್ಡಿನಲ್ಲಿ ಯಾರು ಹೆತ್ತರು, ಯಾರ ಮಗು ಅಳಲಿಲ್ಲ, ನಾದಿನಿ ಫೋನಿನಲ್ಲಿ ಏನಂದಳು, ಬೇಳೆ ಮುಗಿದು ಎಷ್ಟು ದಿನವಾಯಿತು. ಎಡಕಿವಿಯ ಹಿಂದಿನಿಂದ ಬರುವ ಮಾತಿನಲ್ಲಿ ಅರ್ಧ ಗಾಳಿಗೆ, ಅರ್ಧ ನನಗೆ. ನಾನು ಎಲ್ಲಕ್ಕೂ “ಹೂಂ” ಅನ್ನುತ್ತಿದ್ದೆ. ಆಕೆಗೆ ಅದು ಗೊತ್ತಿಲ್ಲದ್ದೇನಲ್ಲ. “ಕೇಳ್ಸಿದ್ರೆ ನೀವು ಜಗಳ ಆಡ್ತೀರಿ. ಕೇಳ್ಸಲಿಲ್ಲ ಅಂದ್ರೆ ಹೂಂ ಅಂತೀರಿ,” ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು. ಆ ಮಾತು ಎಷ್ಟು ನಿಜ ಅನ್ನುವುದು ತಿಳಿದದ್ದು ತಡವಾಗಿ.

ಇನ್ನು ಟೈರಿನ ವಿಷಯಕ್ಕೆ ಬರೋಣ. ಟೈರಿನ ಬಗ್ಗೆ ನನಗಿದ್ದ ವಿದ್ಯೆಯೆಲ್ಲ ಅಪ್ಪ ಕೊಟ್ಟದ್ದು. ನಮ್ಮ ಕಡೆ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬಂದು ನಿಂತು ನೋಡುತ್ತಾರೆ. ಹೊನ್ನಾಳಿಯಲ್ಲಿ ಮಳೆ ಬಂದರೆ ಒಳಗೆ ಹೋಗುತ್ತಾರೆ. ಹಾಗಾಗಿ ನಮ್ಮೂರಲ್ಲಿ ಗಾಡಿಗೆ ಶತ್ರು ಅಂದರೆ ನೀರಲ್ಲ, ಜಾಲಿಮುಳ್ಳು. ಕುರಿಗೆ ಸೊಪ್ಪು ಕಡಿದು ತರುವವರು ದಾರಿಯುದ್ದಕ್ಕೂ ಮುಳ್ಳು ಉದುರಿಸುತ್ತ ಹೋಗುತ್ತಾರೆ. ಹೊಸ ಟೈರಿನ ಗೆರೆಗಳಲ್ಲಿ ಮುಳ್ಳು ಸಿಕ್ಕಿಕೊಂಡು ಸುತ್ತುಸುತ್ತಿಗೂ ಒಳಗೆ ಇಳಿಯುತ್ತದೆ, ಸವೆದು ನುಣ್ಣಗಾದ ಟೈರಾದರೆ ಮುಳ್ಳು ನಿಲ್ಲುವುದಿಲ್ಲ ಎಂಬುದು ಅಪ್ಪನ ಸಿದ್ಧಾಂತ. ಗಾಳಿಯನ್ನಂತೂ ಕಲ್ಲಿನ ಹಾಗೆ ಹೊಡೆಸಬೇಕು. ಪ್ರತಿದಿನ ಹೊರಡುವ ಮುಂಚೆ ಅಪ್ಪ ಬೆರಳ ಗೆಣ್ಣಿನಿಂದ ಟೈರನ್ನು ಕುಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಠಣ್ ಅನ್ನಬೇಕು. “ಟೈರು ಪಳಗ್ಬೇಕಪ್ಪಾ. ಹೊಸಾದು ಬರೀ ಮುಳ್ಳು ಹೆಕ್ಕಾಕೆ ಲಾಯಕ್ಕು,” ಅನ್ನುತ್ತಿದ್ದರು. ಅವರ ಟೈರು ನಮ್ಮ ಕನ್ನಡಿಗಿಂತ ನುಣುಪಾಗಿತ್ತು. ಪಂಕ್ಚರ್ ಆದದ್ದು ನಾನು ಕಂಡಂತೆ ಎರಡೇ ಸಲ.

ಈ ವಿದ್ಯೆಯನ್ನು ಗಂಟು ಕಟ್ಟಿಕೊಂಡು ನಾನು ತುಂಗಭದ್ರೆಯ ದಡಕ್ಕೆ ಬಂದೆ. ಬೆಳಿಗ್ಗೆ ಗೆಣ್ಣಿನಿಂದ ಕುಟ್ಟುವುದು, ಠಣ್ ಅನ್ನಿಸುವುದು, ತೃಪ್ತಿಯಿಂದ ಹೊರಡುವುದು. ಸುಮಂಗಲಾ ಬಾಗಿಲಲ್ಲಿ ನಿಂತು, “ಟೈರೋ, ಕುಂಬಾರನ ಮಡಿಕೆಯೋ?” ಎಂದು ಕೇಳಿದ್ದುಂಟು. ಇಷ್ಟೇ ಆಗಿದ್ದರೆ ಹಳ್ಳಿಯವನ ಹಟ ಅನ್ನಬಹುದಿತ್ತು. ಆದರೆ ನಾನು ಸವಳಂಗದಲ್ಲಿ ಕಲಿಸುತ್ತಿದ್ದದ್ದು ವಿಜ್ಞಾನ. ಪ್ರತಿವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. “ವಾಹನದ ಟೈರುಗಳಲ್ಲಿ ಗೆರೆಗಳಿರಲು ಕಾರಣವೇನು?” ಎಂಬುದು ನಾನೇ ಕೊಡುವ ಪ್ರಶ್ನೆ. ಉತ್ತರ ಬರೆಯದ ಮಕ್ಕಳಿಗೆ ಸೊನ್ನೆ ಹಾಕಿ, ಗೆರೆಯಿಲ್ಲದ ಟೈರಿನ ಗಾಡಿ ಹತ್ತಿ ಮನೆಗೆ ಬರುತ್ತಿದ್ದೆ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಏಳೆಂಟು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಹಸ್ತ ಮಳೆ ರಾತ್ರಿಯೆಲ್ಲ ಸುರಿದು ಆಗಷ್ಟೇ ನಿಂತಿತ್ತು. ಆ ತಿಂಗಳುಗಳಲ್ಲಿ ಈ ಹೊನ್ನಾಳಿ ಭಾಗದಲ್ಲಿ ಅಡಿಕೆ ಸುಲಿಯುವ ಕೆಲಸ ಜೋರು. ಸುಲಿದ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತಂದು ರಸ್ತೆ ಬದಿಗೆ ಸುರಿದು ಹೋಗುವುದು ಎಲ್ಲರಿಗೂ ರೂಢಿ. ಒಣಗಿದ್ದಾಗ ಅದು ಪಾಪದ ವಸ್ತು. ಮಳೆಯಲ್ಲಿ ನೆನೆದು, ಲಾರಿ ಚಕ್ರಕ್ಕೆ ಸಿಕ್ಕಿ, ಟಾರಿನ ಮೇಲೆ ಹರಡಿಕೊಂಡಿತೋ, ಲೋಳೆ. ಚನ್ನಗಿರಿ ಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಡೆಯಲು ಕಲಿಯುವಾಗಲೇ, ಹಸಿ ಸಿಪ್ಪೆಯ ಮೇಲೆ ಕಾಲಿಡಬೇಡ ಎಂದು ಬೈಸಿಕೊಂಡಿರುತ್ತಾರೆ. ಬಿಳಿಚೋಡಿನ ಗಂಡುಮಗನಿಗೆ ಅದು ಯಾರೋ ರಸ್ತೆಗೆ ಹಾಸಿದ ಮೆತ್ತನೆಯ ಹಾಸಿಗೆಯ ಹಾಗೆ ಕಂಡಿತು. ಮುಳ್ಳಂತೂ ಇರಲಿಲ್ಲವಲ್ಲ!

ನ್ಯಾಮತಿಗೆ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಒಂದು ತಿರುವು. ಸುಮಂಗಲಾ ಹಿಂದಿನಿಂದ ಏನೋ ಅಂದಳು. ನಾನು “ಹೂಂ” ಅಂದೆ. ಆಮೇಲೆ ಗೊತ್ತಾಯಿತು, ಆಕೆ ಹೇಳಿದ್ದು, “ಸಿಪ್ಪೆ ಐತೆ ರೀ, ನಿಧಾನ,” ಅಂತ. ನಾನು ಹೂಂ ಅಂದದ್ದಕ್ಕೆ ಕೇಳಿಸಿತು ಅಂದುಕೊಂಡು ಸುಮ್ಮನಾದಳಂತೆ. ಹಿಂದಿನ ಚಕ್ರ ಬಲಕ್ಕೆ ಹೋಯಿತು, ನಾವು ಎಡಕ್ಕೆ ಹೋದೆವು. ಅಷ್ಟೇ. ಎದ್ದು ನೋಡಿದರೆ ನನ್ನ ಪ್ಯಾಂಟು ಮಂಡಿಯಲ್ಲಿ ಹರಿದಿತ್ತು. ಆಕೆಯ ಎಡ ಮಣಿಕಟ್ಟು ಮುರಿದಿತ್ತು.

ಆಕೆ ಅಳಲಿಲ್ಲ. ದುಪಟ್ಟಾ ಬಿಚ್ಚಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ತನ್ನ ಕೈಗೆ ತಾನೇ ಜೋಳಿಗೆ ಕಟ್ಟಿಕೊಂಡಳು. ನಾನು ಏನು ಮಾಡುತ್ತಿದ್ದೆ ಕೇಳಿ. ರಸ್ತೆಯ ನಡುವೆ ನಿಂತು ಸಿಪ್ಪೆ ಸುರಿದವರ ವಂಶವನ್ನು ಬೈಯುತ್ತಿದ್ದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಆಕೆ ಒಂದೇ ಒಂದು ಸಲ ಹಿಂದಿನ ಟೈರನ್ನು ನೋಡಿದಳು, ನನ್ನನ್ನು ನೋಡಿದಳು, ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದಳು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಸಂಜೆ, ನಾನು ಮಾಡಿದ ಕೆಟ್ಟ ಕಾಫಿಯನ್ನು ಪೂರ್ತಿ ಕುಡಿದು ಹೇಳಿದಳು: “ನಿಮ್ ಮೇಲೆ ಸಿಟ್ಟಿಲ್ಲ ಕಣ್ರೀ. ಆದ್ರೆ ಇನ್ಮೇಲೆ ನಿಮ್ ಹಿಂದೆ ಕೂರಾಕೆ ನನ್ನಿಂದ ಆಗಲ್ಲ.”

ಸಿಟ್ಟಿದ್ದರೆ ಚೆನ್ನಾಗಿತ್ತು. ಸಿಟ್ಟು ಇಳಿಯುತ್ತದೆ.

ಕೈ ಕೂಡಿದ ಮೇಲೆ ಆಕೆ ಬಸ್ಸಿನಲ್ಲಿ ಹೋಗತೊಡಗಿದಳು. ನಾನು ಒಬ್ಬನೇ ಗಾಡಿಯಲ್ಲಿ. ಕೆಲವು ದಿನ ಬಸ್ಸು ನನ್ನನ್ನು ದಾಟಿ ಹೋಗುವಾಗ ಕಿಟಕಿಯಲ್ಲಿ ಆಕೆಯ ಮುಖ ಕಾಣುತ್ತಿತ್ತು. ಪಕ್ಕದ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಆ ಮಾತೆಲ್ಲ ನನಗೆ ಬರಬೇಕಾದದ್ದು ಎಂದು ಹೊಟ್ಟೆ ಉರಿಯುತ್ತಿತ್ತು. ಮನೆಯಲ್ಲಿ ಆಕೆ ಮಾತು ಬಿಟ್ಟಿರಲಿಲ್ಲ, ಆದರೆ ಬೇಳೆ ಮುಗಿದದ್ದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದಳು. ಯಾರು ಹೆತ್ತರು, ಯಾರ ಮಗು ಅಳಲಿಲ್ಲ, ಒಂದೂ ನನಗೆ ತಿಳಿಯುತ್ತಿರಲಿಲ್ಲ. ಖಾಲಿ ಸೀಟಿನ ಗಾಡಿ ಹಗುರಾಗಿ ಓಡಬೇಕಲ್ಲವೇ? ನನಗೆ ಯಾಕೋ ಭಾರವಾಗಿಯೇ ಓಡಿತು. ಒಂದು ದಿನ ಗಾಳಿಗೇ “ಹೂಂ” ಅಂದು, ನಾಚಿಕೆಯಾಗಿ ಅತ್ತಿತ್ತ ನೋಡಿದೆ.

ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಬಿದ್ದ ಕಥೆಯನ್ನು ಒಂದು ಬೆಳಿಗ್ಗೆ ಅಪ್ಪನಿಗೆ ಫೋನು ಮಾಡಿ ಹೇಳಿದೆ. ಮನಸ್ಸಿನೊಳಗೆ ಅವರ ಮೇಲೂ ಸ್ವಲ್ಪ ಹೊರಿಸೋಣ ಎಂಬ ಆಸೆಯಿತ್ತು. ಅವರು ಎಲ್ಲ ಕೇಳಿ, “ನಾನು ಬಿಳಿಚೋಡಿನ ರಸ್ತೆಗೆ ಹೇಳಿದ್ನಪ್ಪಾ. ನಿನ್ನ ರಸ್ತೆ ನೀನು ನೋಡ್ಕಬೇಕಿತ್ತು. ಸೊಸೆ ಕೈ ಹೆಂಗೈತೆ?” ಅಂದರು. ಹೊರಿಸಲು ಹೋದದ್ದು ನನ್ನ ತಲೆಗೇ ವಾಪಸ್ಸು ಬಂತು. ಅಂದು ಸಂಜೆಯೇ ಟೈರು ಬದಲಾಯಿಸಲು ಹೊರಟೆ.

ಹೊರಡುವ ಮುಂಚೆ ಶಾಲೆಯಲ್ಲಿ ಸಲಹೆ ಕೇಳಿದ್ದು ಇನ್ನೊಂದು ತಪ್ಪು. ಹಿಂದಿನದು ಮಾತ್ರ ಹಾಕಿಸಿ ಸಾಕು ಎಂದರು ಒಬ್ಬರು. ಹೊಲಕ್ಕೆ ಹೋಗುವ ಗಾಡಿಯ ಹಾಗೆ ದಪ್ಪ ಉಬ್ಬುಗಳೆದ್ದ ಬಟನ್ ಟೈರು ಹಾಕಿಸಿ ಎಂದರು ಇನ್ನೊಬ್ಬರು. ಸಮಾಜ ವಿಜ್ಞಾನದ ಮೇಷ್ಟ್ರು, “ಅಗಲದ್ದು ಹಾಕ್ಸಿ ಸಾರ್, ನೋಡಾಕೂ ಚೆನ್ನಾಗಿರ್ತೈತೆ,” ಅಂದರು. ಅಗಲವಾದರೆ ಹೆಚ್ಚು ನೆಲ ಹಿಡಿಯುತ್ತದೆ ಎಂಬ ಲೆಕ್ಕ ನನಗೂ ಸರಿ ಕಂಡಿತು.

ಹೊನ್ನಾಳಿಯ ಸೇತುವೆ ಕಡೆಗೆ ಹೋಗುವ ರಸ್ತೆಯಲ್ಲಿ ತೀರ್ಥಪ್ಪನ ಟೈರು ಅಂಗಡಿ. ಅರವತ್ತರ ಹತ್ತಿರದ ಮನುಷ್ಯ, ದಾರ ಕಟ್ಟಿದ ಕನ್ನಡಕ, ಮಗುಚಿ ಹಾಕಿದ ಲಾರಿ ರಿಮ್ಮಿನ ಮೇಲೆ ಕೂತು ಒಬ್ಬನೇ ಕೆಲಸ ಮಾಡುತ್ತಾನೆ. ನಾನು ಹೋಗಿ, “ಹಿಂದಕ್ಕೆ ಒಂದು ಅಗಲದ್ದು ಹಾಕಪ್ಪಾ,” ಅಂದೆ. ಅವನು ಟೈರನ್ನು ನನ್ನ ಅಪ್ಪನ ಹಾಗೆ ಕುಟ್ಟಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ ಮುಖ ಹುಳ್ಳಗೆ ಮಾಡಿದ.

“ಹಿಂದೆ ಯಾರು ಕೂರ್ತಾರೆ ಮೇಷ್ಟ್ರೇ?”

“ಈಗ ಯಾರೂ ಕೂರಲ್ಲ.”

“ಮೊದ್ಲು?”

“ನಮ್ಮನೆಯವ್ರು.”

“ಹಂಗಾದ್ರೆ ಅವ್ರನ್ನ ಕರ್ಕಂಡು ಬರ್ರಿ. ಅವ್ರು ನೋಡ್ದೆ ನಾನು ಟೈರು ಹಾಕಲ್ಲ.”

ತಮಾಷೆ ಅಂದುಕೊಂಡೆ. ತಮಾಷೆಯಲ್ಲ, ಅವನ ಅಂಗಡಿಯ ಕಟ್ಟಳೆಯೇ ಹಾಗಂತೆ. ಹಿಂದೆ ದಿನಾ ಕೂರುವವರು ಯಾರಿದ್ದರೂ, ಹೆಂಡತಿಯೋ ತಾಯಿಯೋ ಕೂಲಿಗೆ ಜೊತೆಗೆ ಹೋಗುವ ಗೆಳೆಯನೋ, ಬಂದು ಟೈರು ನೋಡಬೇಕು. ನನಗೆ ಪಿತ್ತ ನೆತ್ತಿಗೇರಿತು. ಕಾಸು ಕೊಡುವವನು ನಾನು, ಗಾಡಿ ನನ್ನದು, ಇವನದೇನು ಕಾನೂನು? ಅದನ್ನೇ ಸ್ವಲ್ಪ ಜೋರಾಗಿ ಹೇಳಿದೆ. ತೀರ್ಥಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

“ಮುಂದೆ ಕೂತೋರಿಗೆ ರಸ್ತೆ ಕಾಣ್ತೈತೆ, ಬ್ರೇಕು ಕೈಯಾಗೈತೆ. ಹಿಂದೆ ಕೂತೋರಿಗೆ ನಿಮ್ ಬೆನ್ನು ಬಿಟ್ರೆ ಏನ್ ಕಾಣ್ತೈತೆ ಹೇಳ್ರಿ? ಟೈರಾದ್ರೂ ನೋಡ್ಲಿ ಬಿಡ್ರಿ.”

ಗಾಡಿ ತಿರುಗಿಸಿಕೊಂಡು ಬಂದೆ. ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಆದರೆ ಹೆಂಡತಿಯನ್ನು ಕೇಳುವ ಧೈರ್ಯವೂ ಬರಲಿಲ್ಲ. ಹತ್ತು ದಿನ ಹೀಗೇ ಕಳೆದು, ಒಂದು ದಿನ ಆಕೆ ಬಟ್ಟೆ ಮಡಿಸುತ್ತಿದ್ದಾಗ ತಲೆ ಬಗ್ಗಿಸಿಕೊಂಡು ಎಲ್ಲ ಹೇಳಿದೆ. ಸಿಪ್ಪೆಯ ಮಾತು ನನಗೆ ಕೇಳಿಸಿರಲಿಲ್ಲ, ಸುಮ್ಮನೆ ಹೂಂ ಅಂದಿದ್ದೆ ಅನ್ನುವುದನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆಕೆ ಮಡಿಸುವುದನ್ನು ನಿಲ್ಲಿಸಿದಳು.

“ಅದು ನನಗೆ ಅವತ್ತು ಬಿದ್ದಾಗ್ಲೇ ಗೊತ್ತಾಯ್ತು,” ಅಂದಳು. ಆಮೇಲೆ, ಬಿದ್ದ ದಿನದಿಂದ ಮೊದಲ ಸಲ ನಕ್ಕಳು. “ಟೈರು ನೋಡಾಕೆ ನಾನಾ? ಹೆಣ್ಣು ನೋಡಾಕೆ ಕರ್ದಂಗೆ ಕರೀತೀರಲ್ಲ.”

ಮರುದಿನವೇ ಬಂದಳು. ತೀರ್ಥಪ್ಪ ಅವಳಿಗೆ ಸ್ಟೂಲು ಹಾಕಿ, ಚಹಾ ತರಿಸಿ, ನನಗೆ ನಿಲ್ಲಲು ಜಾಗ ತೋರಿಸಿದ. ಹಳೇ ಟೈರು ಬಿಚ್ಚಿ ಅವಳ ಮುಂದೆ ಹಿಡಿದ. “ಇಲ್ನೋಡ್ರಿ ಸಿಸ್ಟರಮ್ಮ. ಗಾಳಿ ಕಲ್ಲಾಗೈತಲ್ಲ, ಅದ್ಕೆ ನಡೂ ಭಾಗಷ್ಟೇ ನೆಲ ಮುಟ್ಟಿ ಸವ್ದೈತೆ. ಅಂಚಿನಾಗೆ ಇನ್ನೂ ಗೆರೆ ಐತೆ.” ಆಕೆ ಉಗುರಿನಿಂದ ರಬ್ಬರನ್ನು ಒತ್ತಿದಳು. “ಹಳೇ ಡ್ರಿಪ್ಪಿನ ಟ್ಯೂಬು ಬಿರುಸಾದಂಗೆ ಆಗೈತಲ್ರೀ ಇದು,” ಅಂದಳು. ತೀರ್ಥಪ್ಪ ನನ್ನ ಕಡೆ ನೋಡಿದ ನೋಟದಲ್ಲಿ, ಇಷ್ಟು ತಿಳಿಯಲು ನಿಮಗೆ ಎಷ್ಟು ವರ್ಷ ಬೇಕಾಯಿತು ಎಂಬ ಪ್ರಶ್ನೆಯಿತ್ತು.

ಆಮೇಲೆ ಅವನು ಸಿಮೆಂಟು ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಹಳೆಯ ಟೈರನ್ನೂ ಎರಡು ಮೂರು ಹೊಸವನ್ನೂ ಅಲ್ಲಿಟ್ಟು, ಅಂಗೈಯಿಂದ ಒತ್ತಿ ತಳ್ಳಿ ನೋಡಲು ಹೇಳಿದ. ಹಳೆಯದು ಸರ್ರನೆ ಜಾರಿತು. ಅಗಲದ್ದನ್ನು ಅವನೇ ಪಕ್ಕಕ್ಕೆ ಇಟ್ಟ. ಕಿರಿದಾದ ರಿಮ್ಮಿಗೆ ಅದನ್ನು ಹಾಕಿದರೆ ಅಂಚು ಒಳಕ್ಕೆ ಮುದುರಿಕೊಳ್ಳುತ್ತದಂತೆ, ನೋಡಲಷ್ಟೇ ಚೆಂದವಂತೆ. ಬಟನ್ನಿನದು ಕೆಸರಿಗೆ, ಟಾರಿಗಲ್ಲ. ಸುಮಂಗಲಾ ಎಲ್ಲವನ್ನೂ ತಳ್ಳಿ ನೋಡಿ, ನಡುವಿನಿಂದ ಅಂಚಿನವರೆಗೆ ಓರೆ ಗೆರೆಗಳು ಹರಿದ ಮೆತ್ತನೆಯ ರಬ್ಬರಿನದೊಂದನ್ನು ಹಿಡಿದಳು. “ಇದೇ ಸರಿ. ಗದ್ದೆಗೆ ಬಸಿಗಾಲುವೆ ತೆಗ್ದಂಗೈತೆ,” ಅಂದಳು. ನೀರು ಹೊರಗೆ ಹೋಗಲು ದಾರಿ ಬೇಕು ಎಂಬುದನ್ನು ನಾನು ಎಂಟನೇ ಕ್ಲಾಸಿಗೆ ಒಂದು ಪುಟ ಬರೆಸುತ್ತಿದ್ದೆ. ಆಕೆ ಒಂದೇ ಮಾತಿನಲ್ಲಿ ಮುಗಿಸಿದಳು.

ಮುಂದಿನ ಚಕ್ರಕ್ಕೂ ಅಂಥದ್ದೇ ಹಾಕಿಸುವುದು ಎಂದು ಅವರಿಬ್ಬರೇ ತೀರ್ಮಾನಿಸಿದರು. ಟೈರಿನ ಪಕ್ಕೆಯಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಅದು ಯಾವ ವಾರ, ಯಾವ ವರ್ಷ ತಯಾರಾದದ್ದು ಎಂದು ಓದುವುದನ್ನೂ, ಗಾಳಿ ಎಷ್ಟಿರಬೇಕು ಎಂದು ಗಾಡಿಯ ಮೇಲೆಯೇ ಬರೆದಿರುವುದನ್ನೂ ತೀರ್ಥಪ್ಪ ತೋರಿಸಿಕೊಟ್ಟ. ಸುಮಂಗಲಾ ಅದನ್ನು ಬ್ಯಾಗಿನಲ್ಲಿದ್ದ ಪುಸ್ತಕದ ಹಿಂದೆ ಬರೆದುಕೊಂಡಳು. ನಾನು ಖುಷಿಯಿಂದ ಗಾಡಿ ಚಾಲೂ ಮಾಡಿ, ಹಿಂದಿನ ಸೀಟನ್ನು ಕರ್ಚೀಫಿನಿಂದ ಒರೆಸಿದೆ.

ತೀರ್ಥಪ್ಪ ತಡೆದ. “ಹೊಸ ಟೈರಿನ ಮೈಮೇಲೆ ಜಾರೋ ಪಸೆ ಇರ್ತೈತೆ. ಒಂದು ವಾರ ಒಬ್ರೇ ನಿಧಾನಕ್ಕೆ ಓಡಾಡ್ರಿ. ಅದು ಸವೀಲಿ. ಆಮೇಲೆ ಸಿಸ್ಟರಮ್ಮ ಕೂರ್ಲಿ.” ಆಕೆ ತಲೆಯಾಡಿಸಿ, ಆಟೋ ಹತ್ತಿ ಮನೆಗೆ ಹೋದಳು. ನಾನು ಹಿಂದೆ ಹಿಂದೆ ಖಾಲಿ ಗಾಡಿಯಲ್ಲಿ.

ಆ ವಾರದ ಸಂಜೆಗಳನ್ನು ನಾನು ಮರೆತಿಲ್ಲ. ಬಾಗಿಲಿಗೆ ಬಂದು, “ಪಸೆ ಹೋಯ್ತಾ?” ಎಂದು ಕೇಳುವಳು. ನಾನು ಬಗ್ಗಿ ನೋಡಿ, “ಇನ್ನೂ ಸ್ವಲ್ಪ ಐತೆ,” ಅನ್ನುವೆನು. ಸುಳ್ಳು ಹೇಳಿ ಹೋಯಿತು ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಜೀವನದಲ್ಲಿ ಹೆಂಡತಿಗೆ ಅಷ್ಟು ನಿಜ ಹೇಳಿದ ವಾರ ಇನ್ನೊಂದಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಆಕೆ ರೇನ್‌ಕೋಟು ಹಾಕಿಕೊಂಡು ಬಂದು, ಬಸ್‌ಸ್ಟ್ಯಾಂಡಿನ ಕಡೆ ತಿರುಗದೆ ಗಾಡಿಯ ಹತ್ತಿರ ನಿಂತಳು. ಬಗ್ಗಿ, ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಹತ್ತಿ ಕೂತು, ಎಡಗೈಯನ್ನು, ಆ ಮುರಿದು ಕೂಡಿದ ಕೈಯನ್ನೇ, ನನ್ನ ಭುಜದ ಮೇಲೆ ಇಟ್ಟಳು. ಆ ತಿರುವು ಬಂದಾಗ, “ಸಿಪ್ಪೆ,” ಅಂದಳು. ನಾನು ಹೂಂ ಅನ್ನಲಿಲ್ಲ. “ಕೇಳ್ಸ್ತು, ನಿಧಾನ ಹೋಗ್ತೀನಿ,” ಎಂದು ಪೂರ್ತಿ ವಾಕ್ಯ ಹೇಳಿದೆ. ನ್ಯಾಮತಿ ಬರುವಷ್ಟರಲ್ಲಿ ಎರಡು ಹೆರಿಗೆಯ ಕಥೆ, ನಾದಿನಿಯ ಫೋನು, ಬೇಳೆ, ಎಲ್ಲ ಬಂತು. ಹೆಲ್ಮೆಟ್ಟಿನೊಳಗೆ ನನ್ನ ಕಣ್ಣು ಒದ್ದೆಯಾಗಿದ್ದು ಮಳೆಯಿಂದಲ್ಲ.

ಅಂದಿನಿಂದ ಮಳೆಗಾಲದ ಪ್ರತಿ ಬೆಳಿಗ್ಗೆ ಆಕೆ ಹಾಗೆ ಒತ್ತಿ ನೋಡಿಯೇ ಕೂತಳು. ಎರಡು ಸಲ, ಗೆರೆ ಇನ್ನೂ ಇದೆ ಅನ್ನಿಸುವಾಗಲೇ ಟೈರು ಬದಲಾಯಿಸಿದೆವು. ಎರಡು ಸಲವೂ ಆಕೆಯದೇ ಆಯ್ಕೆ. ನಾವು ಮತ್ತೆ ಬೀಳಲಿಲ್ಲ.

ಇನ್ನು ನನ್ನ ಅಂಗೈಯ ವಿಷಯ. ಈ ವರ್ಷ ನನ್ನ ಬಲ ಭುಜ ಹಿಡಿದುಕೊಂಡಿದೆ. ಕೆಲವು ತಿಂಗಳು ಗಾಡಿ ಓಡಿಸಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಸುಮಂಗಲಾ ಮೊದಲೇ ಸ್ಕೂಟರ್ ಕಲಿತಿದ್ದಳು, ಈಗ ಜೊತೆಯ ನರ್ಸೊಬ್ಬರಿಂದ ಹಳೆಯದೊಂದನ್ನು ಕೊಂಡಳು. ಹೋದ ವಾರ ತೀರ್ಥಪ್ಪ ಫೋನು ಮಾಡಿದ. “ಮೇಷ್ಟ್ರೇ, ಸಿಸ್ಟರಮ್ಮ ಸ್ಕೂಟರ್ ತಂದು ನಿಲ್ಸ್ಯಾರೆ. ಟೈರು ಬದ್ಲಾಯ್ಸಬೇಕು. ಹಿಂದೆ ಕೂರೋರು ನೀವಂತೆ. ಬಂದು ನೋಡ್ರಿ, ಇಲ್ಲಾಂದ್ರೆ ನಾನು ಹಾಕಲ್ಲ.”

ಹೋದೆ. ಈ ಸಲ ಸ್ಟೂಲು ನನಗೆ, ಚಹಾ ನನಗೆ. ನೀರು ಚೆಲ್ಲಿದ ನೆಲದ ಮೇಲೆ ನೋಯದ ಕೈಯಿಂದ ತಳ್ಳಿ ನೋಡಿದೆ. ಆಮೇಲೆ ಒಂದು ವಾರ ಬಸ್ಸಿನಲ್ಲಿ ಓಡಾಡಿ, ದಿನಾ ಸಂಜೆ, “ಪಸೆ ಹೋಯ್ತಾ?” ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಇಂದು ಬೆಳಿಗ್ಗೆ ಹೋಗಿದೆ ಅಂದಳು. ಮೋಡ ಕವಿದಿತ್ತು. ನಾನು ಬಗ್ಗಿ ಹಿಂದಿನ ಟೈರಿನ ಮೇಲೆ ಬಲ ಅಂಗೈ ಇಟ್ಟು, ಭುಜ ಚುರುಕ್ ಅನ್ನುವವರೆಗೆ ಒತ್ತಿದೆ. ಆಮೇಲೆ ಹತ್ತಿ ಕೂತೆ. ನ್ಯಾಮತಿಯವರೆಗೆ ಆಕೆಯ ಹಿಂದೆ, ಅಲ್ಲಿಂದ ಸವಳಂಗಕ್ಕೆ ಬಸ್ಸು.

ತೀರ್ಥಪ್ಪ ಹೇಳಿದ್ದು ನಿಜ. ಹಿಂದೆ ಕೂತರೆ ಏನೂ ಕಾಣುವುದಿಲ್ಲ. ಒಂದು ರೇನ್‌ಕೋಟು, ಹೆಲ್ಮೆಟ್ಟಿನ ಕೆಳಗೆ ಒಂದು ಜಡೆ, ಅಷ್ಟೇ. ತಿರುವುಗಳು ಬಂದ ಮೇಲೆ ಗೊತ್ತಾಗುತ್ತವೆ. ಬ್ರೇಕು ಇಲ್ಲದ ನನ್ನ ಬಲಗಾಲು ಸುಮ್ಮನೆ ಒತ್ತುತ್ತಿತ್ತು. ಬಿದ್ದು, ಕೈ ಮುರಿದುಕೊಂಡು, ಆಮೇಲೂ ಇಷ್ಟು ವರ್ಷ ಆಕೆ ಹೀಗೆ ನನ್ನ ಬೆನ್ನನ್ನೇ ನೋಡಿಕೊಂಡು ಕೂತಿದ್ದಳಲ್ಲ ಎಂಬುದು ಇಂದು ಮೈಗೆ ತಿಳಿಯಿತು.

ಆ ತಿರುವಿನಲ್ಲಿ ಈ ವರ್ಷವೂ ಸಿಪ್ಪೆ. “ಸಿಪ್ಪೆ ಐತೆ,” ಅಂದೆ. “ಕಂಡೈತೆ, ನಿಮಗಿಂತ ಮೊದ್ಲೇ ಕಂಡೈತೆ. ಸುಮ್ನೆ ಕೂತ್ಕಳ್ರಿ,” ಎಂದು ಜಗಳ ತೆಗೆದಳು. ಅಲ್ಲಿಗೆ, ಕೇಳಿಸಿದೆ ಅಂತಾಯಿತು. ತಿರುವು ದಾಟಿ ರಸ್ತೆ ನೇರವಾದ ಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ್ದನ್ನು ಹೇಳಿದೆ. “ನೀನು ಮತ್ತೆ ಬಂದು ನನ್ ಹಿಂದೆ ಕೂತ್ಯಲ್ಲ, ಅದು ದೊಡ್ಡದು ಕಣೇ. ನಾನು ಮರ್ತಿಲ್ಲ.”

ಗಾಳಿ ಜೋರಾಗಿತ್ತು. ಆಕೆ, “ಹೂಂ,” ಅಂದಳು.

ಕೇಳಿಸಲಿಲ್ಲ ಅಂತ ಅರ್ಥ. ಸಂಜೆ ಗಾಡಿ ನಿಂತ ಮೇಲೆ ಇನ್ನೊಮ್ಮೆ ಹೇಳುತ್ತೇನೆ.